ತೀರ್ಪುಗಾರನ ನೆಲೆ

ಯಾವ ಆಟವೇ ಆಗಲಿ, ನೋಡಲು ನೆರೆದ ಜನರ ಕಣ್ಣು ಆಟಗಾರರ ಮೇಲೆ ನೆಟ್ಟಿರುತ್ತದೆ. ಗೆದ್ದವರನ್ನು ಜನ ಕೊಂಡಾಡುತ್ತಾರೆ, ಸೋತವರನ್ನು ಸಮಾಧಾನಪಡಿಸುತ್ತಾರೆ. ಆದರೆ ಗೆಲುವು ಗೆಲುವೆನಿಸಿಕೊಳ್ಳುವುದಕ್ಕೂ ಸೋಲು ಸೋಲೆನಿಸಿಕೊಳ್ಳುವುದಕ್ಕೂ ಕಾರಣನಾದ ಇನ್ನೊಬ್ಬ ವ್ಯಕ್ತಿ ಅಂಗಣದಲ್ಲಿರುತ್ತಾನೆ. ಅವನು ಚೆಂಡನ್ನು ಬುಟ್ಟಿಗೆ ಹಾಕುವುದಿಲ್ಲ, ಯಾವ ಪಕ್ಷಕ್ಕೂ ಸೇರುವುದಿಲ್ಲ. ಅವನ ಕೆಲಸ ನೋಡುವುದು ಮತ್ತು ಕಂಡುದನ್ನು ಅಂಜದೆ ಹೇಳುವುದು. ಅವನೇ ತೀರ್ಪುಗಾರ. ತೀರ್ಪುಗಾರನಿಗೆ ನಿಯಮಗಳ ಜ್ಞಾನ ಬೇಕು, ಧೈರ್ಯ ಬೇಕು, ನಿಷ್ಪಕ್ಷಪಾತವಾದ ಮನಸ್ಸು ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಇವೆಲ್ಲಕ್ಕೂ ಮೊದಲು ಅವನಿಗೆ ಬೇಕಾದುದು ಸರಿಯಾದ ನೆಲೆ. ನಿಲ್ಲಬೇಕಾದ ಸ್ಥಳದಲ್ಲಿ ನಿಲ್ಲದವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಸತ್ಯವನ್ನು ಕಾಣಲಾರ. ಬಾಸ್ಕೆಟ್‌ಬಾಲ್ ಆಟದ ಮುಕ್ತ ಎಸೆತದ ಸಂದರ್ಭದಲ್ಲಿ ಈ ಮಾತು ಅತ್ಯಂತ ಸ್ಪಷ್ಟವಾಗಿ ಮನದಟ್ಟಾಗುತ್ತದೆ.

ಉಡುಪಿಯಿಂದ ಪೂರ್ವಕ್ಕೆ ಮಣಿಪಾಲದ ಗುಡ್ಡವನ್ನು ಹತ್ತಿಳಿದು ಹಿರಿಯಡಕದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಪರ್ಕಳವೆಂಬ ಊರಿದೆ. ಮುರಕಲ್ಲಿನ ನೆಲ, ಅಡಿಕೆ ತೆಂಗಿನ ತೋಟಗಳು, ಗದ್ದೆಬಯಲು, ಇವುಗಳ ನಡುವೆ ಶಾಲೆಗಳ ಆಟದ ಬಯಲುಗಳು. ಕಬಡ್ಡಿ ಮತ್ತು ವಾಲಿಬಾಲ್ ಈ ಸೀಮೆಯ ಮಕ್ಕಳಿಗೆ ಚಿರಪರಿಚಿತವಾದ ಆಟಗಳು. ನೆರೆಯ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪನೆಯಾದವು. ದೇಶದ ನಾನಾ ಭಾಗಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಸೇರುತ್ತಾರೆ. ಅಂತಹ ವಿದ್ಯಾಕೇಂದ್ರದ ಮಗ್ಗುಲಲ್ಲೇ ಬೆಳೆಯುವ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಂಬವೂ ಅಪರಿಚಿತವಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಬಯಲು ಅಂಗಣದ ಗೆರೆಗಳು ಮಳೆಯಲ್ಲಿ ಮಾಸುತ್ತವೆ, ನೆಲ ಪಾಚಿಗಟ್ಟುತ್ತದೆ. ಆದುದರಿಂದ ಇಲ್ಲಿನ ತೀರ್ಪುಗಾರನ ಕೆಲಸ ಸೀಟಿ ಊದುವುದರಿಂದ ಆರಂಭವಾಗುವುದಿಲ್ಲ. ಪಂದ್ಯಕ್ಕೆ ಮುಂಚೆ ಅಂಗಣವನ್ನು ಸುತ್ತಿ, ಗೆರೆಗಳು ಕಾಣುತ್ತವೆಯೇ, ಕಾಲು ಜಾರುತ್ತದೆಯೇ ಎಂದು ಪರೀಕ್ಷಿಸುವುದರಿಂದ ಆರಂಭವಾಗುತ್ತದೆ.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್ ತಿಂಗಳಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸುವ ಹೊಣೆ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರ ಮೇಲೆ ಬಿದ್ದಿತ್ತು. ಅವರು ವ್ಯಾಯಾಮಶಾಲೆಯ ಮಹಡಿಯ ಅಂಚಿಗೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿ ಹದಿಮೂರು ನಿಯಮಗಳನ್ನು ಬರೆದರು. ಆ ನಿಯಮಗಳು 1892ರ ಜನವರಿಯಲ್ಲಿ ಅಚ್ಚಾದವು. ಅವುಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನೈಸ್ಮಿತ್ ಅಂಗಣದಲ್ಲಿ ಒಬ್ಬನಲ್ಲ, ಇಬ್ಬರು ತೀರ್ಪುಗಾರರಿರಬೇಕೆಂದು ವಿಧಿಸಿದರು. ಒಬ್ಬನ ಕಣ್ಣು ಆಟಗಾರರ ಮೇಲೆ, ಇನ್ನೊಬ್ಬನ ಕಣ್ಣು ಚೆಂಡಿನ ಮೇಲೆ. ಮನುಷ್ಯನ ಎರಡು ಕಣ್ಣುಗಳು ಒಂದೇ ಕಾಲಕ್ಕೆ ಎರಡು ಕಡೆ ನೋಡಲಾರವು ಎಂಬ ಸರಳ ಸತ್ಯವನ್ನು ಅವರು ಮೊದಲ ದಿನವೇ ಅರಿತಿದ್ದರು. ಕ್ರೀಡಾ ನಿಯಮಗಳು ಎಷ್ಟೋ ಬದಲಾದವು. ಈ ಕೆಲಸ ಹಂಚಿಕೆಯ ತತ್ವ ಮಾತ್ರ ಇಂದಿಗೂ ಉಳಿದಿದೆ.

ಆ ಮೊದಲ ನಿಯಮಗಳಲ್ಲಿ ಮುಕ್ತ ಎಸೆತವಿರಲಿಲ್ಲ. ಒಂದು ಪಕ್ಷದವರು ಒಂದರ ಮೇಲೊಂದರಂತೆ ಮೂರು ತಪ್ಪುಗಳನ್ನು ಮಾಡಿದರೆ ಎದುರು ಪಕ್ಷಕ್ಕೆ ಒಂದು ಗೋಲು ಸಲ್ಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಈ ಕ್ರಮ ಹೋಗಿ, ಯಾರ ಅಡ್ಡಿಯೂ ಇಲ್ಲದೆ ಒಂದು ನಿಶ್ಚಿತ ಗೆರೆಯ ಹಿಂದಿನಿಂದ ಚೆಂಡನ್ನು ಎಸೆಯುವ ಅವಕಾಶ ಬಂದಿತು. ಆರಂಭದಲ್ಲಿ ಪಕ್ಷದ ಯಾರು ಬೇಕಾದರೂ ಈ ಎಸೆತವನ್ನು ಎಸೆಯಬಹುದಾಗಿತ್ತು. ತಪ್ಪಿಗೆ ಗುರಿಯಾದ ಆಟಗಾರನೇ ಎಸೆಯಬೇಕೆಂಬ ನಿಯಮ ಅಮೆರಿಕದಲ್ಲಿ 1920ರ ದಶಕದಲ್ಲಿ ಜಾರಿಗೆ ಬಂದಿತು. ನೋವುಂಡವನಿಗೇ ಪರಿಹಾರ ಸಲ್ಲಬೇಕೆಂಬ ನ್ಯಾಯದ ದೃಷ್ಟಿ ಇದರಲ್ಲಿದೆ. ಭಾರತದಲ್ಲಿ ಪಾಶ್ಚಾತ್ಯ ಕ್ರೀಡೆಗಳ ಶಿಕ್ಷಣಕ್ಕೆ ಭದ್ರವಾದ ತಳಹದಿ ಹಾಕಿದ ಸಂಸ್ಥೆಗಳಲ್ಲಿ 1920ರಲ್ಲಿ ಹ್ಯಾರಿ ಬಕ್ ಅವರು ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಪ್ರಮುಖವಾದುದು. ಭಾರತ ಬಾಸ್ಕೆಟ್‌ಬಾಲ್ ಫೆಡರೇಷನ್ 1950ರಲ್ಲಿ ರೂಪುಗೊಂಡಿತು.

ಇನ್ನು ಮುಕ್ತ ಎಸೆತದ ವಿವರವನ್ನು ನೋಡಬಹುದು. ಅಂತರರಾಷ್ಟ್ರೀಯ ನಿಯಮದಂತೆ ಅಂಗಣದ ಉದ್ದ 28 ಮೀಟರ್, ಅಗಲ 15 ಮೀಟರ್. ಬುಟ್ಟಿಯ ಉಕ್ಕಿನ ಬಳೆ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ. ಅದರ ಒಳವ್ಯಾಸ ಸುಮಾರು 45 ಸೆಂಟಿಮೀಟರ್. ಅಂಗಣದ ಕೊನೆಯ ಗೆರೆಯಿಂದ 5.80 ಮೀಟರ್ ದೂರದಲ್ಲಿ ಮುಕ್ತ ಎಸೆತದ ಗೆರೆಯಿದೆ. ಈ ಗೆರೆಗೂ ಕೊನೆಯ ಗೆರೆಗೂ ನಡುವೆ ಬುಟ್ಟಿಯ ಮುಂದೆ ಆಯತಾಕಾರದ ನಿರ್ಬಂಧಿತ ಕ್ಷೇತ್ರವಿದೆ. ಅದರ ಅಗಲ 4.90 ಮೀಟರ್. ಈ ಕ್ಷೇತ್ರ ಹಿಂದೆ ಬುಡದಲ್ಲಿ 6 ಮೀಟರ್ ಅಗಲವಾಗಿ, ಮೇಲೆ ಕಿರಿದಾಗಿ, ಬೀಸಣಿಗೆಯ ಆಕಾರದಲ್ಲಿರುತ್ತಿತ್ತು. 2010ರಲ್ಲಿ ಅದನ್ನು ಆಯತಕ್ಕೆ ಬದಲಿಸಲಾಯಿತು. ಚೆಂಡನ್ನು ಬುಟ್ಟಿಗೆ ಎಸೆಯುತ್ತಿರುವವನ ಮೇಲೆ ತಪ್ಪು ನಡೆದು ಎಸೆತ ವಿಫಲವಾದರೆ, ಎಸೆದ ದೂರಕ್ಕೆ ಅನುಗುಣವಾಗಿ ಅವನಿಗೆ ಎರಡು ಅಥವಾ ಮೂರು ಮುಕ್ತ ಎಸೆತಗಳು ದೊರೆಯುತ್ತವೆ. ಎಸೆತ ಸಫಲವಾದರೆ ಆ ಅಂಕಗಳ ಜೊತೆಗೆ ಇನ್ನೊಂದು ಎಸೆತ. ಪ್ರತಿ ಮುಕ್ತ ಎಸೆತಕ್ಕೆ ಒಂದು ಅಂಕ. ಚೆಂಡು ಕೈಗೆ ಬಂದ ಐದು ಸೆಕೆಂಡುಗಳ ಒಳಗೆ ಅವನು ಎಸೆಯಬೇಕು.

ಎಸೆತದ ವೇಳೆ ನಿರ್ಬಂಧಿತ ಕ್ಷೇತ್ರದ ಎರಡು ಬದಿಗಳಲ್ಲಿ ಗರಿಷ್ಠ ಐವರು ಆಟಗಾರರು ಸಾಲಾಗಿ ನಿಲ್ಲಬಹುದು. ಬುಟ್ಟಿಗೆ ಅತ್ಯಂತ ಸಮೀಪದ ಎರಡು ಸ್ಥಾನಗಳು ಎದುರಾಳಿಗಳಿಗೆ, ಅವುಗಳ ಪಕ್ಕದ ಎರಡು ಸ್ಥಾನಗಳು ಎಸೆಯುವವನ ಜೊತೆಗಾರರಿಗೆ, ಉಳಿದ ಒಂದು ಮತ್ತೆ ಎದುರಾಳಿಗೆ. ಹೀಗೆ ಒಂದು ಬದಿಯಲ್ಲಿ ಮೂವರು, ಇನ್ನೊಂದು ಬದಿಯಲ್ಲಿ ಇಬ್ಬರು ನಿಂತಿರುತ್ತಾರೆ. ಚೆಂಡು ಎಸೆಯುವವನ ಕೈ ಬಿಡುವವರೆಗೆ ಇವರಲ್ಲಿ ಯಾರೂ ತಮ್ಮ ಸ್ಥಾನವನ್ನು ಬಿಟ್ಟು ಒಳನುಗ್ಗುವಂತಿಲ್ಲ. ಎಸೆಯುವವನಾದರೋ ಚೆಂಡು ಬುಟ್ಟಿಯನ್ನು ಸೇರುವವರೆಗೆ ಅಥವಾ ಬಳೆಯನ್ನು ಮುಟ್ಟುವವರೆಗೆ ಗೆರೆಯನ್ನು ತುಳಿಯುವಂತಿಲ್ಲ. ಮಿಕ್ಕ ಆಟಗಾರರು ಮುಕ್ತ ಎಸೆತದ ಗೆರೆಯ ನೇರಕ್ಕೆ ಹಿಂದೆ, ಮೂರು ಅಂಕದ ಗೆರೆಯ ಆಚೆ ಇರಬೇಕು. ನೋಡುವವರಿಗೆ ಅಂಗಣವೆಲ್ಲ ನಿಶ್ಚಲವಾದಂತೆ ಕಾಣುತ್ತದೆ. ಆದರೆ ಆ ನಿಶ್ಚಲತೆಯೊಳಗೆ ಐದು ಜೊತೆ ಕಾಲುಗಳು ಜಿಗಿಯಲು ಹವಣಿಸುತ್ತಿರುತ್ತವೆ.

ಈ ಗಳಿಗೆಯಲ್ಲಿ ತೀರ್ಪುಗಾರರು ಎಲ್ಲಿ ನಿಲ್ಲಬೇಕು? ಶಾಲಾ ಪಂದ್ಯಗಳನ್ನು ಸಾಮಾನ್ಯವಾಗಿ ಇಬ್ಬರು ತೀರ್ಪುಗಾರರು ನಡೆಸುತ್ತಾರೆ. ಆಟ ಸಾಗುವ ದಿಕ್ಕಿನಲ್ಲಿ ಬುಟ್ಟಿಯ ಸಮೀಪಕ್ಕೆ ಮುಂದಾಗಿ ಹೋಗುವವನನ್ನು ಮುಂದಿನ ತೀರ್ಪುಗಾರನೆಂದೂ, ಆಟದ ಬೆನ್ನಿಗೆ ಬರುವವನನ್ನು ಹಿಂದಿನ ತೀರ್ಪುಗಾರನೆಂದೂ ಕರೆಯಬಹುದು. ಮುಂದಿನ ತೀರ್ಪುಗಾರನು ಬುಟ್ಟಿಯ ಕೆಳಗೆ ಬಂದು, ಎಷ್ಟು ಎಸೆತಗಳೆಂಬುದನ್ನು ಬೆರಳುಗಳಿಂದ ತೋರಿಸಿ ಬಾಯಿಂದಲೂ ಹೇಳಿ, ಚೆಂಡನ್ನು ನೆಲಕ್ಕೆ ಪುಟಿಸಿ ಎಸೆಯುವವನಿಗೆ ಕೊಡುತ್ತಾನೆ. ಅನಂತರ ಕೊನೆಯ ಗೆರೆಯ ಹಿಂದಕ್ಕೆ ಸರಿದು, ಬುಟ್ಟಿಯ ಒಂದು ಪಕ್ಕದಲ್ಲಿ ನಿಂತು, ತನಗೆ ಎದುರಾದ ಬದಿಯ ಸಾಲಿನ ಮೇಲೆ ದೃಷ್ಟಿಯಿಡುತ್ತಾನೆ. ಹಿಂದಿನ ತೀರ್ಪುಗಾರನು ಅವನಿಗೆ ಓರೆಯಾಗಿ, ಅಂಗಣದ ಇನ್ನೊಂದು ಪಕ್ಕದಲ್ಲಿ, ಮುಕ್ತ ಎಸೆತದ ಗೆರೆಯ ನೇರಕ್ಕೆ ನಿಲ್ಲುತ್ತಾನೆ. ಐದು ಸೆಕೆಂಡುಗಳನ್ನು ಎಣಿಸುವುದು, ಎಸೆಯುವವನ ಪಾದಗಳನ್ನು ಗಮನಿಸುವುದು, ಚೆಂಡು ಗಾಳಿಯಲ್ಲಿ ಸಾಗಿ ಬಳೆಯನ್ನು ಸೇರುವ ಬಗೆಯನ್ನು ನೋಡುವುದು ಅವನ ಹೊಣೆ. ಅವನೂ ತನಗೆ ಎದುರಾದ ಬದಿಯ ಆಟಗಾರರನ್ನೇ ಕಾಯುತ್ತಾನೆ. ಮೂವರು ತೀರ್ಪುಗಾರರಿರುವ ದೊಡ್ಡ ಪಂದ್ಯಗಳಲ್ಲಿ ಎಸೆಯುವವನನ್ನು ನೋಡುವ ಕೆಲಸ ಮಧ್ಯದ ತೀರ್ಪುಗಾರನಿಗೆ ಸೇರುತ್ತದೆ.

ತನ್ನ ಬದಿಯ ಸಾಲನ್ನು ಬಿಟ್ಟು ಎದುರು ಬದಿಯ ಸಾಲನ್ನು ನೋಡುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಪರ್ಕಳದ ಯಾವ ಅಡಿಕೆ ತೋಟದಲ್ಲಾದರೂ ದೊರೆಯುತ್ತದೆ. ಮರಗಳ ಸಾಲಿನ ತುದಿಗೆ ನೇರವಾಗಿ ನಿಂತವನಿಗೆ ಮೊದಲ ಮರವೊಂದೇ ಕಾಣುತ್ತದೆ. ಉಳಿದವು ಅದರ ಮರೆಯಲ್ಲಿ ಅಡಗುತ್ತವೆ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಪ್ರತಿ ಮರವೂ, ಎರಡು ಮರಗಳ ನಡುವಿನ ತೆರಪೂ ಕಣ್ಣಿಗೆ ಬೀಳುತ್ತವೆ. ಆಟಗಾರರ ಸಾಲೂ ಹೀಗೆಯೇ. ಮಗ್ಗುಲ ಸಾಲಿನಲ್ಲಿ ಒಬ್ಬನ ದೇಹ ಇನ್ನೊಬ್ಬನನ್ನು ಮರೆಮಾಡುತ್ತದೆ. ಎದುರಿನ ಸಾಲು ಬಿಡಿಬಿಡಿಯಾಗಿ ತೆರೆದು ಕಾಣುತ್ತದೆ. ತಳ್ಳುವುದು, ಹಿಡಿಯುವುದು, ಮೊಣಕೈಯಿಂದ ತಿವಿಯುವುದು, ಇಂತಹ ತಪ್ಪುಗಳೆಲ್ಲ ನಡೆಯುವುದು ಇಬ್ಬರು ಆಟಗಾರರ ನಡುವಿನ ತೆರಪಿನಲ್ಲಿ. ತೀರ್ಪುಗಾರನು ಕಾಣಬೇಕಾದುದು ದೇಹಗಳನ್ನಲ್ಲ, ಆ ತೆರಪನ್ನು.

ಎಲ್ಲ ಸ್ಪರ್ಧೆಗಳಿಗೂ ಒಂದೇ ನೆಲೆ ಸಲ್ಲುವುದಿಲ್ಲವೆಂಬುದನ್ನೂ ತಿಳಿಯಬೇಕು. ಕಾಪು ತಾಲೂಕಿನ ಕಟಪಾಡಿ, ಕಾರ್ಕಳದ ಮಿಯ್ಯಾರು ಮೊದಲಾದ ಕಡೆಗಳಲ್ಲಿ ನಡೆಯುವ ಕಂಬಳದಲ್ಲಿ ಕೋಣಗಳ ಓಟ ಮುಗಿಯುವ ಮಂಜೊಟ್ಟಿಯ ಬಳಿ ಯಾವ ಜೋಡಿ ಮೊದಲು ಮುಟ್ಟಿತೆಂಬುದನ್ನು ನಿರ್ಣಯಿಸಬೇಕಾಗುತ್ತದೆ. ಅಲ್ಲಿ ಗೆರೆಗೆ ಸರಿಯಾಗಿ ನೇರದಲ್ಲಿ ನಿಂತ ಕಣ್ಣೇ ಸತ್ಯವನ್ನು ಹೇಳಬಲ್ಲದು. ಓರೆಯಾಗಿ ನಿಂತವನಿಗೆ ಯಾವ ಜೋಡಿ ಮುಂದಿದೆಯೆಂಬುದರಲ್ಲಿ ಭ್ರಮೆಯಾಗುತ್ತದೆ. ಗೆರೆಯನ್ನು ದಾಟಿದುದನ್ನು ನೋಡಲು ಗೆರೆಯ ನೇರ ಬೇಕು. ಇಬ್ಬರ ನಡುವೆ ನಡೆದುದನ್ನು ನೋಡಲು ಓರೆ ಬೇಕು. ಹಿಂದಿನ ತೀರ್ಪುಗಾರನು ಮುಕ್ತ ಎಸೆತದ ಗೆರೆಯ ನೇರಕ್ಕೂ, ಎದುರಿನ ಸಾಲಿಗೆ ಓರೆಯಾಗಿಯೂ ಒಂದೇ ಕಾಲಕ್ಕೆ ನಿಂತಿರುತ್ತಾನೆ. ಅವನಿಗೆ ಗೊತ್ತುಮಾಡಿದ ಸ್ಥಳದ ಔಚಿತ್ಯ ಇದರಿಂದ ತಿಳಿಯುತ್ತದೆ.

ಚೆಂಡು ಎಸೆಯುವವನ ಕೈಯಿಂದ ಬಳೆಯವರೆಗೆ ಸಾಗಲು ತಗಲುವ ಕಾಲ ಸುಮಾರು ಒಂದು ಸೆಕೆಂಡು. ಆ ಒಂದು ಸೆಕೆಂಡಿನಲ್ಲಿ ಎಷ್ಟು ಸಂಗತಿಗಳು ಅಡಗಿವೆಯೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡು ಶಾಲೆಗಳ ಪಂದ್ಯ. ಅಂಕಗಳು 41 ಮತ್ತು 40. ಉಳಿದ ಕಾಲ ಎರಡು ಸೆಕೆಂಡು. ಒಂದು ಅಂಕದಿಂದ ಹಿಂದಿರುವ ಪಕ್ಷದ ಹುಡುಗಿಗೆ ಎರಡು ಮುಕ್ತ ಎಸೆತಗಳು ದೊರೆತಿವೆಯೆಂದು ಭಾವಿಸಬಹುದು. ಮೊದಲನೆಯದು ಬುಟ್ಟಿಗೆ ಬಿದ್ದು ಅಂಕಗಳು ಸಮನಾದವು. ಎರಡನೆಯದು ಬಳೆಗೆ ಬಡಿದು ಹೊರಚಿಮ್ಮಿತು. ಎದುರಾಳಿಯೊಬ್ಬಳು ಚೆಂಡನ್ನು ಹಿಡಿದಳು. ಆದರೆ ಚೆಂಡು ಕೈ ಬಿಡುವ ಮುನ್ನವೇ ಆ ಎದುರಾಳಿ ಒಂದು ಹೆಜ್ಜೆ ಒಳಗಿಟ್ಟಿದ್ದಳು. ನಿಯಮದಂತೆ ಎಸೆದ ಹುಡುಗಿಗೆ ಇನ್ನೊಂದು ಎಸೆತ ಸಲ್ಲಬೇಕು. ಇಬ್ಬರು ತೀರ್ಪುಗಾರರೂ ಪ್ರೇಕ್ಷಕರಂತೆ ಚೆಂಡನ್ನೇ ನೋಡುತ್ತ ನಿಂತಿದ್ದರೆ ಆ ಹೆಜ್ಜೆಯನ್ನು ಕಂಡವರು ಯಾರೂ ಇರುವುದಿಲ್ಲ. ಪಂದ್ಯ ಐದು ನಿಮಿಷಗಳ ಹೆಚ್ಚುವರಿ ಅವಧಿಗೆ ಹೋಗುತ್ತದೆ; ನ್ಯಾಯವಾಗಿ ದೊರೆಯಬೇಕಾಗಿದ್ದ ಅವಕಾಶವೊಂದು ಯಾರಿಗೂ ತಿಳಿಯದಂತೆ ಕೈತಪ್ಪುತ್ತದೆ. ಅಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರೂ ಪಕ್ಷಪಾತ ತೋರಲಿಲ್ಲ. ಆದರೂ ಅನ್ಯಾಯ ನಡೆದುಹೋಯಿತು.

ಇಂತಹ ಉಲ್ಲಂಘನೆಗಳಿಗೆ ನಿಯಮವು ಬೇರೆ ಬೇರೆ ಫಲಗಳನ್ನು ಹೇಳಿದೆ. ಎಸೆಯುವವನೇ ಗೆರೆ ತುಳಿದರೆ ಬುಟ್ಟಿಗೆ ಬಿದ್ದ ಚೆಂಡಿಗೂ ಅಂಕವಿಲ್ಲ. ಸಾಲಿನಲ್ಲಿರುವವರು ಮುಂಚಿತವಾಗಿ ನುಗ್ಗಿದ್ದರೂ ಚೆಂಡು ಬುಟ್ಟಿಗೆ ಬಿದ್ದರೆ ಅಂಕ ಸಲ್ಲುತ್ತದೆ, ನುಗ್ಗಿದುದನ್ನು ಲೆಕ್ಕಿಸುವುದಿಲ್ಲ. ಕೊನೆಯ ಎಸೆತ ವಿಫಲವಾದಾಗ ಎಸೆಯುವವನ ಜೊತೆಗಾರ ಮುಂಚಿತವಾಗಿ ನುಗ್ಗಿದ್ದರೆ ಚೆಂಡು ಎದುರು ಪಕ್ಷಕ್ಕೆ. ಎದುರಾಳಿ ನುಗ್ಗಿದ್ದರೆ ಬದಲಿ ಎಸೆತ. ಯಾರು ಮೊದಲು ಚಲಿಸಿದರು, ಯಾವಾಗ ಚಲಿಸಿದರು ಎಂಬುದನ್ನು ಕಂಡವನಿಗೆ ಮಾತ್ರ ಈ ನಿಯಮಗಳು ಉಪಯೋಗಕ್ಕೆ ಬರುತ್ತವೆ. ಪುಸ್ತಕದಲ್ಲಿರುವ ನಿಯಮಕ್ಕೆ ಜೀವ ಬರುವುದು ತೀರ್ಪುಗಾರನ ಕಣ್ಣಿನಿಂದ.

ನೆಲೆಯೆಂದರೆ ಕೇವಲ ಸ್ಥಳವಲ್ಲ, ಸ್ಥಿರತೆಯೂ ಹೌದು. ಓಡುತ್ತಿರುವವನ ಕಣ್ಣಿಗೆ ಲೋಕವೆಲ್ಲ ಅಲುಗಾಡುತ್ತದೆ. ಆದುದರಿಂದ ತೀರ್ಪುಗಾರನು ಮೊದಲು ತನ್ನ ಸ್ಥಳವನ್ನು ಸೇರಿ, ನಿಂತು, ಅನಂತರ ನೋಡಬೇಕು. ತೀರಾ ಹತ್ತಿರ ನಿಂತರೆ ಒಬ್ಬನೇ ಕಾಣುತ್ತಾನೆ; ತೀರಾ ದೂರ ನಿಂತರೆ ಎಲ್ಲರೂ ಮಸುಕಾಗುತ್ತಾರೆ. ಸೀಟಿ ಊದುವುದಕ್ಕೂ ಅವಸರ ಸಲ್ಲದು. ನಡೆದುದನ್ನು ಪೂರ್ತಿಯಾಗಿ ಕಂಡ ಮೇಲೆಯೇ ಊದಬೇಕು. ಕೊನೆಯ ಎಸೆತ ಮುಗಿದೊಡನೆ ಆಟ ಅಂಗಣದ ಇನ್ನೊಂದು ತುದಿಗೆ ಹರಿಯಬಹುದು. ಆಗ ಹಿಂದಿನವನು ಮುಂದಿನವನಾಗುತ್ತಾನೆ, ಮುಂದಿನವನು ಹಿಂದಿನವನಾಗುತ್ತಾನೆ. ಒಬ್ಬನ ಕೆಲಸವನ್ನು ಇನ್ನೊಬ್ಬನು ಮಾತಿಲ್ಲದೆ ವಹಿಸಿಕೊಳ್ಳುವ ಈ ಹೊಂದಾಣಿಕೆ ಅಭ್ಯಾಸದಿಂದಲೇ ಬರಬೇಕು.

ಮುಕ್ತ ಎಸೆತದ ಗಳಿಗೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಅಂತಿಮ ಪಂದ್ಯ ಪ್ರಸಿದ್ಧವಾದ ನಿದರ್ಶನ. ಸೋವಿಯತ್ ಒಕ್ಕೂಟವು ಅಮೆರಿಕಕ್ಕಿಂತ 49–48ರಿಂದ ಮುಂದಿತ್ತು. ಮೂರು ಸೆಕೆಂಡು ಉಳಿದಿದ್ದಾಗ ಅಮೆರಿಕದ ಡಗ್ ಕಾಲಿನ್ಸ್ ಎಂಬ ಆಟಗಾರನಿಗೆ ಎರಡು ಮುಕ್ತ ಎಸೆತಗಳು ದೊರೆತವು. ಮೊದಲನೆಯದು ಬುಟ್ಟಿ ಸೇರಿತು. ಎರಡನೆಯದನ್ನು ಎಸೆಯುವ ಹೊತ್ತಿನಲ್ಲೇ ಅಂಕಪಟ್ಟಿಯ ಮೇಜಿನಿಂದ ಕಹಳೆ ಮೊಳಗಿತು. ಆದರೂ ಎಸೆತ ನಡೆದು, ಬುಟ್ಟಿ ಸೇರಿ, ಅಮೆರಿಕ 50–49ರಿಂದ ಮುಂದಾಯಿತು. ತಾವು ವಿರಾಮ ಕೇಳಿದ್ದರೂ ಅದನ್ನು ಕೊಡಲಿಲ್ಲವೆಂದು ಸೋವಿಯತ್ ತಂಡದವರು ವಾದಿಸಿದರು. ಗೊಂದಲದಲ್ಲಿ ಕೊನೆಯ ಮೂರು ಸೆಕೆಂಡುಗಳ ಆಟವನ್ನು ಮತ್ತೆ ಮತ್ತೆ ಆಡಿಸಬೇಕಾಯಿತು; ಕೊನೆಗೆ ಅಲೆಕ್ಸಾಂಡರ್ ಬೆಲೋವ್ ಚೆಂಡನ್ನು ಬುಟ್ಟಿಗೆ ಹಾಕಿದುದರಿಂದ ಸೋವಿಯತ್ ತಂಡ 51–50ರಿಂದ ಗೆದ್ದಿತು. ಪಂದ್ಯದ ತೀರ್ಪುಗಾರರಲ್ಲೊಬ್ಬರಾದ ಬ್ರೆಜಿಲ್ ದೇಶದ ರೆನಾಟೊ ರಿಗೆಟ್ಟೊ ಅಂಕಪಟ್ಟಿಗೆ ಸಹಿ ಹಾಕಲು ನಿರಾಕರಿಸಿದರು. ಅಮೆರಿಕದ ಆಟಗಾರರು ಬೆಳ್ಳಿಯ ಪದಕಗಳನ್ನು ಸ್ವೀಕರಿಸಲಿಲ್ಲ. ಎಸೆಯುವವನಿಗೆ ಚೆಂಡನ್ನು ಕೊಡುವ ಮುನ್ನ ತೀರ್ಪುಗಾರನು ಮೇಜಿನ ಕಡೆಗೊಮ್ಮೆ ದೃಷ್ಟಿ ಹಾಯಿಸಬೇಕೆಂಬುದು ಸಣ್ಣ ಕಟ್ಟಳೆಯಂತೆ ತೋರಬಹುದು. ಆ ರಾತ್ರಿಯ ಕಥೆಯನ್ನು ಬಲ್ಲವರು ಅದನ್ನು ಸಣ್ಣದೆನ್ನಲಾರರು.

ಕನ್ನಡ ನಾಡಿನಲ್ಲೂ ಬಾಸ್ಕೆಟ್‌ಬಾಲ್‌ನ ಮಹತ್ವದ ಪಂದ್ಯಗಳು ನಡೆದಿವೆ. 2017ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಜರುಗಿತು. ಅದರ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೊದಲ ವಿಭಾಗಕ್ಕೆ ಏರಿದರು. ನಲವತ್ತು ನಿಮಿಷಗಳ ಹೋರಾಟದ ಕೊನೆಗೆ ಉಳಿದ ಅಂತರ ಎರಡು ಅಂಕಗಳು, ಎಂದರೆ ಒಂದು ಜೊತೆ ಮುಕ್ತ ಎಸೆತಗಳ ಬೆಲೆ. ಇಷ್ಟು ಕಿರಿದಾದ ಅಂತರದಲ್ಲಿ ಗೆದ್ದವರೂ ಸೋತವರೂ ಫಲಿತಾಂಶವನ್ನು ತಲೆಬಾಗಿ ಒಪ್ಪಬೇಕಾದರೆ, ಪ್ರತಿಯೊಂದು ಅಂಕವೂ ಸರಿಯಾಗಿ ಕಂಡು ಕೊಟ್ಟದ್ದೆಂಬ ನಂಬಿಕೆ ಇರಬೇಕು.

ಶಾಲಾ ಪಂದ್ಯಗಳಲ್ಲಿ ತೀರ್ಪುಗಾರನ ಹೊಣೆ ಇನ್ನೊಂದು ಬಗೆಯಲ್ಲಿ ಕಠಿಣವಾದುದು. ಇಲ್ಲಿ ಸಾಮಾನ್ಯವಾಗಿ ದೈಹಿಕ ಶಿಕ್ಷಣದ ಅಧ್ಯಾಪಕರೇ ಸೀಟಿ ಹಿಡಿಯುತ್ತಾರೆ. ಅಂಗಣದಲ್ಲಿ ಆಡುವವರು ತಾವೇ ಕಲಿಸಿದ ಮಕ್ಕಳಾಗಿರಬಹುದು. ಗೆರೆಯ ಹೊರಗೆ ನಿಂತು ಕೂಗುವವರು ಊರಿನ ಪರಿಚಿತರಾಗಿರಬಹುದು. ಮರುದಿನ ಬಸ್ಸಿನಲ್ಲೋ ಅಂಗಡಿಯಲ್ಲೋ ಅವರ ಮುಖ ನೋಡಲೇಬೇಕು. ತನ್ನ ಶಿಷ್ಯನೇ ಮುಂಚಿತವಾಗಿ ಒಳಗೆ ಕಾಲಿಟ್ಟಾಗ ಕೈ ಎತ್ತಿ ತೋರಿಸುವುದು ಸುಲಭದ ಮಾತಲ್ಲ. ಸರಿಯಾದ ನೆಲೆಯಲ್ಲಿ ನಿಂತು ಸ್ಪಷ್ಟವಾಗಿ ಕಂಡವನಿಗೆ ಆ ಧೈರ್ಯ ತಾನಾಗಿ ಬರುತ್ತದೆ. ಅರೆಬರೆಯಾಗಿ ಕಂಡವನು ಅಳುಕುತ್ತಾನೆ. ಅಳುಕಿದವನು ಹೆಚ್ಚು ಕೂಗಿದವರ ಕಡೆಗೆ ವಾಲುತ್ತಾನೆ. ಪಕ್ಷಪಾತವು ಎಷ್ಟೋ ವೇಳೆ ದುಷ್ಟತನದಿಂದಲ್ಲ, ಸರಿಯಾಗಿ ಕಾಣದ ಸಂಶಯದಿಂದ ಹುಟ್ಟುತ್ತದೆ.

ಈ ತತ್ವ ಆಟದ ಅಂಗಣಕ್ಕೆ ಮಾತ್ರ ಸೀಮಿತವಾದುದಲ್ಲ. ಮನೆಯಲ್ಲಿ ಇಬ್ಬರು ಮಕ್ಕಳ ಜಗಳವನ್ನು ಬಿಡಿಸುವ ಹಿರಿಯರಾಗಲಿ, ಪಂಚಾಯಿತಿಯಲ್ಲಿ ವಾದ ಕೇಳುವವರಾಗಲಿ, ನ್ಯಾಯಾಸನದಲ್ಲಿ ಕುಳಿತವರಾಗಲಿ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದೇ: ಇಬ್ಬರ ನಡುವಿನ ತೆರಪು ಕಾಣುವಂತಹ ಸ್ಥಳದಲ್ಲಿ ತಾನು ನಿಂತಿರುವೆನೆ? ಒಬ್ಬನ ಬೆನ್ನ ಹಿಂದೆ ನಿಂತವನಿಗೆ ಇನ್ನೊಬ್ಬನ ಮುಖ ಕಾಣದು. ಎಲ್ಲವನ್ನೂ ತಾನೊಬ್ಬನೇ ಕಾಣುವೆನೆಂಬ ಹಮ್ಮನ್ನು ತೊರೆದು, ತನಗೆ ಒಪ್ಪಿಸಿದ ಭಾಗವನ್ನು ಎಚ್ಚರದಿಂದ ಕಾಯ್ದು, ಉಳಿದುದನ್ನು ಜೊತೆಗಾರನ ಕಣ್ಣಿಗೆ ಬಿಡುವುದು ನ್ಯಾಯದ ಮೊದಲ ಪಾಠ.

ಅಭ್ಯಾಸ

1. ನೈಸ್ಮಿತ್ ಇಬ್ಬರು ತೀರ್ಪುಗಾರರನ್ನು ವಿಧಿಸಿದುದರ ಹಿಂದಿನ ಕಾರಣವೇನು?
2. ಮುಕ್ತ ಎಸೆತದ ವೇಳೆ ಇಬ್ಬರು ತೀರ್ಪುಗಾರರ ಸ್ಥಾನಗಳನ್ನು ಚಿತ್ರ ಬರೆದು ವಿವರಿಸಿರಿ.
3. ಅಡಿಕೆ ತೋಟ ಮತ್ತು ಕಂಬಳದ ಉದಾಹರಣೆಗಳು ತಿಳಿಸುವ ತತ್ವಗಳಲ್ಲಿರುವ ವ್ಯತ್ಯಾಸವೇನು?
4. ‘ಅಲ್ಲಿ ಯಾರೂ ಮೋಸ ಮಾಡಲಿಲ್ಲ, ಆದರೂ ಅನ್ಯಾಯ ನಡೆದುಹೋಯಿತು.’ ಈ ಮಾತನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿರಿ.
5. ನಿಮ್ಮ ಶಾಲೆಯ ಅಂಗಣದಲ್ಲಿ ನಡೆಯುವ ಯಾವುದಾದರೂ ಆಟವನ್ನು ಆರಿಸಿಕೊಂಡು, ಅದರಲ್ಲಿ ತೀರ್ಪುಗಾರನು ಎಲ್ಲಿ ನಿಂತರೆ ಉಚಿತವೆಂಬುದನ್ನು ಕಾರಣ ಸಹಿತ ಬರೆಯಿರಿ.